ಬಾವಿ ರಾಷ್ಟ್ರಪತಿ

ನನ್ನ ಗಂಡ ಈ ದೇಶದ ಮುಂದಿನ ರಾಷ್ಟ್ರಪತಿಯಾಗುವ ಸಂಭವ ಇದೆ ಎನ್ನುವ ಸುದ್ದಿ ನನಗೆ ಮೊದಲು ಸಿಕ್ಕಿದ್ದು ನಮ್ಮ ಕ್ರಾಸಿನ ಬಾವಿಕಟ್ಟೆಯಲ್ಲಿ. ಹೇಳಿದವಳು ಪಕ್ಕದ ವಠಾರದಲ್ಲಿ ಬಾಡಿಗೆಗಿದ್ದು ದೋಸೆ ಹಿಟ್ಟು ಮಾರುವ ಹೆಂಗಸು. ಇಡೀ ಕ್ರಾಸಿಗೆ ಅವಳು ಹಿಟ್ಟಿನಕ್ಕ. ಹಗ್ಗ ಎಳೆಯುತ್ತಲೇ ಕೇಳಿದಳು.

"ಟೀಚರೇ, ನಿಮ್ಮ ಸಾಹೇಬ್ರು ಡೆಲ್ಲಿಗೆ ಹೋಗ್ತಾರಂತಲ್ಲ, ರಾಷ್ಟ್ರಪತಿ ಆಗೋಕೆ?"

"ಯಾರೇ ಹೇಳಿದ್ದು?"

"ಕಟ್ಟೆ ಮೇಲೆ ಮಾತಾಡ್ತಿದ್ರು. ಹೋಗ್ಲಿ ಬಿಡಿ, ಒಳ್ಳೇದೇ. ನಂದು ಒಂದೇ ಪ್ರಶ್ನೆ. ಬಾವಿ ಮುಚ್ಚಿಸಿ ಹೋಗ್ತಾರೋ, ಮುಚ್ಚಿಸ್ದೇ ಹೋಗ್ತಾರೋ?"

ನಗು ಬಂತು. ಅದರ ಹಿಂದೆಯೇ ಮೈ ಉರಿಯಿತು. ನಮ್ಮವರು ರಾಷ್ಟ್ರಪತಿಯಾಗುವುದು ಬಿಡುವುದು ಆ ದೇವರಿಗೇ ಬಿಟ್ಟದ್ದು, ಆದರೆ ಬಾವಿ ಮುಚ್ಚಿಸುವ ಸುದ್ದಿ ನನಗೂ ಹೊಸದು. ಒಂದೇ ಮನೆಯಲ್ಲಿ ಮಲಗಿ ಏಳುವ ಮನುಷ್ಯನ ವಿಚಾರ ಬೀದಿಯಲ್ಲಿ ತಿಳಿಯಬೇಕು ಎಂದರೆ ಯಾರಿಗೆ ತಾನೆ ಉರಿಯುವುದಿಲ್ಲ?

ಬಾವಿಯ ವಿಷಯ ಮೊದಲು ಹೇಳಿಬಿಡುತ್ತೇನೆ. ಶಿವಮೊಗ್ಗದ ರಾಗಿಗುಡ್ಡದ ಕಡೆಗಿರುವ ನಮ್ಮ ಕ್ರಾಸು ಏರುಮುಖವಾದದ್ದು. ನಲ್ಲಿ ನೀರು ಬಿಟ್ಟ ದಿನ ಕೆಳಗಿನ ಮನೆಗಳ ಸಂಪುಗಳೆಲ್ಲ ತುಂಬಿ, ಮೇಲಿನ ವಠಾರಕ್ಕೆ ಬರುವ ಹೊತ್ತಿಗೆ ನಲ್ಲಿ ಬರೀ ಕೆಮ್ಮುತ್ತದೆ. ಆ ವಠಾರದ ಕೊನೇ ಕೋಣೆಯೇ ಹಿಟ್ಟಿನಕ್ಕನದು. ಅಕ್ಕಿ ನೆನೆಸುವುದಕ್ಕೆ, ಉದ್ದು ತೊಳೆಯುವುದಕ್ಕೆ, ದಿನಾ ಗ್ರೈಂಡರು ತೊಳೆಯುವುದಕ್ಕೆ ಅವಳಿಗಿರುವುದು ಈ ಬಾವಿ ಒಂದೇ. ಬೇಸಿಗೆಯಲ್ಲೂ ಬತ್ತದ ಬಾವಿ. ಅದಕ್ಕೆ ಅಂಟಿಕೊಂಡಂತೆ ಒಂದು ಕಲ್ಲುಕಟ್ಟೆ ಇದೆ. ಆ ಕಟ್ಟೆಯ ಮೇಲೆ ಬೆಳಗಿನ ವಾಕಿಂಗ್ ಮುಗಿಸಿ ನಮ್ಮ ಗಂಡಸರು ಕೂರುತ್ತಾರೆ. ವಾಕಿಂಗ್ ಎಂದರೆ ಮನೆಯಿಂದ ಕಟ್ಟೆಯವರೆಗೆ.

ಕಟ್ಟೆಯಲ್ಲಿ ಮುಖ್ಯವಾದವರು ಮೂವರು. ವಿಮಾ ಕಚೇರಿಯಿಂದ ನಿವೃತ್ತರಾದ ನಮ್ಮವರು ಒಬ್ಬರು. ಮಂಡಿಯನ್ನು ಮಗನಿಗೆ ಬಿಟ್ಟುಕೊಟ್ಟು, ಮಾತನ್ನು ಮಾತ್ರ ಬಿಟ್ಟುಕೊಡದ ಅಡಿಕೆ ಮಂಡಿಯವರು ಇನ್ನೊಬ್ಬರು. ಹೈಸ್ಕೂಲಿನಲ್ಲಿ ಸಂಸ್ಕೃತ ಪಾಠ ಮಾಡುತ್ತಿದ್ದ ಮೇಷ್ಟ್ರು ಮೂರನೆಯವರು. ಆಗೀಗ ಬೇರೆಯವರೂ ಬರುತ್ತಾರೆ, ಅವರದು ತಲೆಯಾಡಿಸುವ ಖಾತೆ. ತ್ಯಾವರೆಕೊಪ್ಪದ ಸಫಾರಿಯ ಸಿಂಹಕ್ಕಾದರೂ ಸುತ್ತ ಬೇಲಿ ಇದೆ, ಇವರ ಮಾತಿಗೆ ಅದೂ ಇಲ್ಲ. ಶಾಸಕರು ಯಾರಾಗಬೇಕು, ಮಂತ್ರಿ ಯಾರಾಗಬೇಕು ಎಂದು ತೀರ್ಮಾನಿಸಿ ತೀರ್ಮಾನಿಸಿ ಅವರಿಗೇ ಬೇಜಾರು ಬಂದಿತ್ತು. ಅವರ ತೀರ್ಮಾನವನ್ನು ಯಾರೂ ಪಾಲಿಸದ ಕಾರಣವೂ ಇರಬಹುದು. ಕೊನೆಗೆ ರಾಷ್ಟ್ರಪತಿ ಚುನಾವಣೆಗೆ ಕೈ ಹಾಕಿದರು. ಅದರಲ್ಲೊಂದು ಅನುಕೂಲವಿದೆ. ನಮ್ಮ ನಿಮ್ಮಂಥವರಿಗೆ ಅಲ್ಲಿ ಓಟೇ ಇಲ್ಲ, ಹಾಗಾಗಿ ತಪ್ಪಾಯಿತು ಎಂದು ಯಾರೂ ಬೈಯುವ ಹಾಗಿಲ್ಲ.

ಸುದ್ದಿ ಕೇಳಿದ ದಿನ ತಿಂಡಿಗೆ ಕರೆಯುವ ನೆಪದಲ್ಲಿ ಕಟ್ಟೆಯ ಹತ್ತಿರ ಹೋಗಿ, ನಮ್ಮ ಕಾಂಪೌಂಡಿನ ದಾಸವಾಳದ ಮರೆಯಲ್ಲಿ ನಿಂತು ಕೇಳಿಸಿಕೊಂಡೆ. ಕದ್ದು ಕೇಳುವ ಅಗತ್ಯವೇ ಇರಲಿಲ್ಲ, ಅವರ ದನಿ ಬಸ್‌ಸ್ಟ್ಯಾಂಡಿಗೂ ಕೇಳಿಸುವಂತಿತ್ತು.

"ಈ ಸಲ ದಕ್ಷಿಣದ್ದೇ ಪಾಳಿ ಮಾರಾಯ್ರೆ, ಬರ್ದಿಟ್ಕೊಳಿ," ಎಂದು ಮಂಡಿಯವರು ಶುರುಮಾಡಿದರು. ಅವರಿಗೆ ಮನುಷ್ಯರೆಲ್ಲ ಅಡಿಕೆಯೇ. ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಜಾತಿ ಮಾಡಿ ಬದಿಗಿಡುತ್ತಾರೆ. "ಮಾಜಿ ರಾಜ್ಯಪಾಲರುಗಳೆಲ್ಲಾ ಗೊರಬಲು. ನೋಡೋಕೆ ದಪ್ಪ, ರೇಟಿಲ್ಲ. ಸಿನಿಮಾದೋರು ರಾಶಿ, ಸಿಕ್ಕಾಪಟ್ಟೆ ಇದಾರೆ. ಎಲ್ಲಕ್ಕಿಂತ ಮೇಲಿನ ಸರಕು ಅಂತ ಅನ್ನಿಸ್ಕೊಳ್ಳೋರು ಯಾರಿದಾರೆ ಹೇಳಿ ನೋಡಾಣ?"

ಮೇಷ್ಟ್ರು ಕಣ್ಣು ಮುಚ್ಚಿಕೊಂಡು ಲಕ್ಷಣ ಹೇಳಿದರು. "ರಾಷ್ಟ್ರಪತಿ ಆಗೋನು ಯಾರಿಗೂ ಬೇಡದವನಾಗಿರಬಾರದು. ಹಾಗಂತ ಯಾರಿಗೂ ತೀರಾ ಬೇಕಾದವನೂ ಆಗಿರಬಾರದು. ಸ್ವಂತ ಅಭಿಪ್ರಾಯ ಇರಬಾರದು. ಇದ್ರೂ ಮುಖದ ಮೇಲೆ ಕಾಣಬಾರದು."

"ಇಸ್ತ್ರಿ ಬಟ್ಟೆ ಹಾಕ್ಬೇಕು," ಎಂದರು ಮಂಡಿಯವರು. "ತುಂಬ ಹೊತ್ತು ಸುಮ್ನೆ ನಿಂತ್ಕೊಳ್ಳೋಕೆ ಬರ್ಬೇಕು. ಮಕ್ಳು ಟಿಕೆಟ್ ಕೇಳೋರಾಗಿರಬಾರದು."

"ಎರಡು ಶ್ಲೋಕ ಬರಬೇಕು," ಮೇಷ್ಟ್ರು ಸೇರಿಸಿದರು. "ಅರ್ಥ ಗೊತ್ತಿಲ್ಲದಿದ್ರೂ ನಡೆಯತ್ತೆ."

ಆಮೇಲೆ ಮಂಡಿಯವರು ತೊಡೆ ತಟ್ಟಿಕೊಂಡು, "ಅಯ್ಯೋ ಶಿವನೇ, ನಿನ್ನೆನೇ ಹೇಳ್ಲಿಲ್ವಾ, ನೀವೇ ಸರಿ ಮಾರಾಯ್ರೆ!" ಎಂದು ನಮ್ಮವರ ಕಡೆ ಕೈ ತೋರಿಸಿದರು.

ನಿಜ ಹೇಳಬೇಕೆಂದರೆ ಒಂದು ಲಕ್ಷಣವೂ ತಪ್ಪಿರಲಿಲ್ಲ. ಇಷ್ಟು ವರ್ಷ ಸಂಸಾರ ಮಾಡಿದ ನನಗೆ ಈ ಮನುಷ್ಯನ ಅಭಿಪ್ರಾಯ ಯಾವ ವಿಷಯದಲ್ಲಿ ಏನೆಂದು ಇವತ್ತಿಗೂ ಗೊತ್ತಿಲ್ಲ. ಮದುವೆಮನೆಗಳಲ್ಲಿ ಅವರಷ್ಟು ಹೊತ್ತು ಸುಮ್ಮನೆ ನಿಲ್ಲುವವರನ್ನು ನಾನು ನೋಡಿಲ್ಲ.

ಮೊದಲ ದಿನ ನಮ್ಮವರು ನಕ್ಕರಂತೆ. ಎರಡನೇ ದಿನ ಮುಗುಳ್ನಕ್ಕರು. ಆಮೇಲೆ ನಗುವುದನ್ನೇ ಬಿಟ್ಟರು. ಲೈಬ್ರರಿಯಿಂದ ಸಂವಿಧಾನದ ಒಂದು ದಪ್ಪ ಪುಸ್ತಕ ಬಂತು. ಊಟದ ಮೇಜಿನ ಮೇಲೆ ಉಪ್ಪಿನಕಾಯಿ ಭರಣಿಯ ಪಕ್ಕದಲ್ಲಿ ಅದಕ್ಕೊಂದು ಜಾಗವಾಯಿತು.

"ಮೂವತ್ತೈದು ವರ್ಷ ತುಂಬಿರಬೇಕು ಅಂತಿದೆ ಕಣೇ."

"ತುಂಬಿ ತುಳುಕ್ತಿದೆ."

"ಲಾಭದಾಯಕ ಹುದ್ದೆಯಲ್ಲಿ ಇರಬಾರದು."

"ನಿಮ್ಮಿಂದ ಯಾರಿಗೂ ಲಾಭ ಆಗಿಲ್ಲ ಬಿಡಿ."

ಅವರು ತಲೆ ಎತ್ತಲಿಲ್ಲ. ರಾಷ್ಟ್ರಪತಿಯಾಗುವವರು ಟೀಕೆಗೆ ಉತ್ತರ ಕೊಡುವುದಿಲ್ಲವಂತೆ, ಅದು ಸಂಪ್ರದಾಯವಂತೆ. ಹುರುಳಿಕಾಯಿ ಬಿಡಿಸಿಕೊಡಿ ಎಂದರೆ ಅದು ನನ್ನ ವ್ಯಾಪ್ತಿಗೆ ಬರುವುದಿಲ್ಲ ಎನ್ನತೊಡಗಿದರು. ರಾಷ್ಟ್ರಕ್ಕೆ ಪತಿಯಾಗುವ ಮೊದಲು ಮನೆಗೊಂದಿಷ್ಟು ಪತಿಯಾಗಿ ಎಂದು ಬೈದೆ. ಒಂದು ಮಧ್ಯಾಹ್ನ ಸಾರಿನ ಬಟ್ಟಲನ್ನು ಬೆರಳ ತುದಿಯಿಂದ ನನ್ನ ಕಡೆ ತಳ್ಳಿದರು.

"ಇದನ್ನ ಮರುಪರಿಶೀಲನೆಗೆ ಹಿಂದಿರುಗಿಸ್ತಾ ಇದ್ದೀನಿ."

ಬಟ್ಟಲು ತೆಗೆದುಕೊಂಡು ಅಡುಗೆಮನೆಗೆ ಹೋದೆ. ಒಂದು ಲೋಟ ನೀರು ಕುಡಿದೆ. ಅದೇ ಸಾರನ್ನು ಹಾಗೇ ತಂದು ಅವರ ಮುಂದಿಟ್ಟೆ. "ಎರಡನೇ ಸಲ ಕಳಿಸಿದ್ರೆ ಒಪ್ಪಲೇಬೇಕು ಅಂತ ನಿಮ್ಮ ಪುಸ್ತಕದಲ್ಲೇ ಇದೆ. ತೆಪ್ಪಗೆ ಉಣ್ಣಿ."

ಉಂಡರು. ಉಂಡು, ಕೈ ತೊಳೆದು ಬಂದ ಮೇಲೆ ಒಂದು ಮಾತು ಹೇಳಿದರು. "ಆದ್ರೆ ಇಂತಿಷ್ಟು ದಿನದೊಳಗೆ ಸಹಿ ಹಾಕ್ಬೇಕು ಅಂತ ಎಲ್ಲೂ ಬರ್ದಿಲ್ಲ. ಕಾಗದ ಜೇಬಲ್ಲಿಟ್ಕೊಂಡು ಸುಮ್ನೆ ಕೂತ್ರೆ ಯಾರೂ ಏನೂ ಮಾಡೋಕಾಗಲ್ಲ. ಜೇಬು ಇದೆಯಲ್ಲ, ಅದೇ ರಾಷ್ಟ್ರಪತಿ ಶಕ್ತಿ."

ಇಷ್ಟಾಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಬೇರೆ ಮನೆಗಳಲ್ಲಿ ಗಂಡಸರು ನಿವೃತ್ತರಾದ ಮೇಲೆ ಮರುಳಾಗುವ ಬಗೆ ನೋಡಿದರೆ ನಮ್ಮವರದು ಕಮ್ಮಿ ಉಪದ್ರವದ್ದು. ಆದರೆ ಬಾವಿಯ ವಿಷಯ ನಿಜವಾಗಿತ್ತು. ಚರ್ಚೆಗೆ ಜಾಗ ಸಾಲುತ್ತಿಲ್ಲ ಎಂದು ಈ ಮೂವರೂ ಸೇರಿ ಪಾಲಿಕೆಗೆ ಅರ್ಜಿ ಕೊಟ್ಟಿದ್ದರು. ಬಾವಿಗೆ ಸ್ಲ್ಯಾಬ್ ಹಾಕಿ ಮುಚ್ಚಿ, ಮೇಲೆ ಟೈಲ್ಸು ಕೂರಿಸಿ, ಶೀಟಿನ ಮಾಡು ಹೊದಿಸಿ ಹಿರಿಯ ನಾಗರಿಕರಿಗೆ ಒಂದು ಚಿಂತನ ಕಟ್ಟೆ ಮಾಡಿಕೊಡಬೇಕಂತೆ. ಚಿಂತನೆಯಂತೆ, ಮಣ್ಣಂಗಟ್ಟಿಯಂತೆ! ಅರ್ಜಿಯ ಕೆಳಗೆ 'ಕ್ರಾಸಿನ ಸಮಸ್ತ ನಿವಾಸಿಗಳ ಸರ್ವಾನುಮತದಿಂದ' ಎಂದು ಬರೆದು, ಮನೆಗೊಂದರಂತೆ ಯಜಮಾನರ ಸಹಿ ಮಾಡಿಸಿದ್ದರು. ನೀರು ಸೇದುವ ಒಬ್ಬ ಹೆಂಗಸಿನ ಸಹಿಯೂ ಅದರಲ್ಲಿ ಇರಲಿಲ್ಲ. ವಠಾರದವರು ಬಾಡಿಗೆಯವರು, ಅವರು ನಿವಾಸಿಗಳ ಲೆಕ್ಕಕ್ಕೆ ಬರುವುದಿಲ್ಲವಂತೆ.

"ಅಲ್ಲ ರೀ, ಆ ಹಿಟ್ಟಿನಕ್ಕ ಎಲ್ಲಿಗೆ ಹೋಗ್ಬೇಕು?" ಎಂದು ಕೇಳಿದೆ.

"ಹಾಳು ಬಾವಿ ಕಣೇ. ಮಕ್ಕಳು ಮರಿ ಬಿದ್ರೆ?"

"ಬಿದ್ರೆ ಅಂತ ಭಯ ಇದ್ರೆ ಮೇಲೊಂದು ಬಲೆ ಹಾಕ್ಸಿ. ಯಾರ ಮನೆ ಹುಡುಗನಿಗೆ ಜ್ವರ ಬಂದ್ರೂ ಹುಡುಗನ್ನೇ ಮುಚ್ಚಿಬಿಡ್ತೀರಾ?"

"ಅದು ಸಂಪುಟದ ತೀರ್ಮಾನ," ಎಂದರು ನಮ್ಮವರು, ಕಿಟಕಿಯ ಆಚೆ ನೋಡುತ್ತಾ. "ನಾನು ಸಹಿ ಹಾಕೋನು, ಅಷ್ಟೇ."

ಆ ದಿನ ನನಗೆ ಬಂದ ಸಿಟ್ಟು ಇಲ್ಲಿ ಬರೆಯುವಂಥದ್ದಲ್ಲ. ಹಿಟ್ಟಿನಕ್ಕನ ಮುಂದೆ ಯಾವ ಮುಖ ಇಟ್ಟುಕೊಂಡು ನಿಲ್ಲಲಿ? ಅವಳು ಗಲಾಟೆ ಮಾಡುವವಳಲ್ಲ. ಮರುದಿನ ಬಾವಿಯ ಹತ್ತಿರ ಸಿಕ್ಕಾಗ ಮೆಲ್ಲಗೆ ಹೇಳಿದಳು, "ಬಾವಿ ಹೋದ್ರೆ ರೂಮ್ ಬಿಡ್ಬೇಕು ಟೀಚರೇ. ಗ್ರೈಂಡರ್ ಇದೆ ಅಂದ್ರೆ ಬೇರೆ ಯಾರೂ ಮನೆ ಕೊಡಲ್ಲ. ಸದ್ದು ಅಂತಾರೆ, ಕರೆಂಟು ಅಂತಾರೆ. ಇದೊಂದು ರೂಮಿಗೆ ಎಷ್ಟು ಅಲೆದಿದ್ದೆ ಗೊತ್ತಾ." ಅಷ್ಟು ಹೇಳಿ ಕೊಡಪಾನ ಸೊಂಟಕ್ಕೇರಿಸಿಕೊಂಡು ಹೋದಳು.

ನಮ್ಮವರ ಹುಟ್ಟುಹಬ್ಬ ಹತ್ತಿರ ಬರುತ್ತಿತ್ತು. ಮಂಡಿಯವರು ಗೇಟಿನ ಹತ್ತಿರ ಬಂದು ಗುಟ್ಟಿನ ದನಿಯಲ್ಲಿ ಕರೆದರು. ಅವರ ಗುಟ್ಟಿನ ದನಿ ನಮ್ಮ ಹಿತ್ತಲವರೆಗೂ ಕೇಳಿಸುತ್ತದೆ.

"ಮೇಡಮ್ಮೋರೇ, ಒಂದು ಫ್ಲೆಕ್ಸ್ ಮಾಡಿಸ್ತಿದೀವಿ. ಸಾಹೇಬ್ರಿಗೆ ಗೊತ್ತಾಗಬಾರದು, ಸರ್‌ಪ್ರೈಸು. ಭದ್ರಾವತಿಲಿ ನಿಮ್ಮ ತಮ್ಮನ ಕಡೆಯೋರು ಚೆನ್ನಾಗಿ ಮಾಡ್ಕೊಡ್ತಾರಂತಲ್ಲ. ಫೋಟೋ ಕಳಿಸಿ, ಏನ್ ಬರೀಬೇಕು ಅಂತ ಫೋನಲ್ಲೇ ಹೇಳಿದೀನಿ. ನೀವು ಹೆಂಗೂ ತಮ್ಮನ ಮನೆಗೆ ಹೋಗ್ತಿದೀರಿ, ಒಂಚೂರು ನೋಡ್ಕೊಂಡು ತಂದ್ಬಿಡಿ. ಇನ್ನೊಂದು ವಿಷ್ಯ. ಪಾಲಿಕೆ ಇಂಜಿನಿಯರ್‌ಗೂ ಅವತ್ತೇ ಬಂದು ಅಳತೆ ಹಾಕೋಕೆ ಹೇಳಿದೀನಿ. ಹುಟ್ಟುಹಬ್ಬದ ಉಡುಗೊರೆ!"

ಫ್ಲೆಕ್ಸ್ ತರಲು ಒಪ್ಪಿಕೊಂಡೆ. ಉಡುಗೊರೆಯ ಮಾತು ಕೇಳಿದ ಮೇಲೆ ದಿನ ಎಣಿಸಿದೆ. ಹೆಚ್ಚು ಉಳಿದಿರಲಿಲ್ಲ.

ನಾನು ಹುಟ್ಟಿ ಬೆಳೆದದ್ದು ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ. ಒಂದು ಕಡೆ ತಮಿಳಿನವರು, ಇನ್ನೊಂದು ಕಡೆ ತೆಲುಗಿನವರು, ನಡುವೆ ನಾವು. ಆ ಊರಿನಲ್ಲಿ ಮಹಾಪ್ರಾಣ ಇರುವುದು ರೈಲ್ವೆ ಸ್ಟೇಷನ್ನಿನ ಬೋರ್ಡಿನ ಮೇಲೆ ಮಾತ್ರ. ಬಾಯಲ್ಲಿ ಎಲ್ಲರಿಗೂ ಅದು ಬದ್ರಾವತಿ. ಶಿವಮೊಗ್ಗದವರೇನು ಕಮ್ಮಿಯಿಲ್ಲ, ಇಲ್ಲಿಯೂ ಭಟ್ಟರು ಬಟ್ಟರೇ, ಭಾನುವಾರ ಬಾನುವಾರವೇ. ಕನ್ನಡ ಟೀಚರಾದ ನಾನು ಸರ್ವೀಸು ಪೂರ್ತಿ ಕೆಂಪು ಶಾಯಿಯಲ್ಲಿ ಆ ಒಂದು ಸೀಳು ಹಾಕುತ್ತಲೇ ಕಳೆದೆ. ಬ ಎಂಬ ಅಕ್ಷರದ ಕೆಳಗೆ ಸಣ್ಣ ಗೀಟು. ಆ ಗೀಟಿಲ್ಲದಿದ್ದರೆ ಭಯ ಬಯವಾಗುತ್ತದೆ, ಭಾರತ ಬಾರತವಾಗುತ್ತದೆ ಎಂದು ಹೇಳಿ ಹೇಳಿ ಗಂಟಲು ಹರಿದುಕೊಂಡಿದ್ದೇನೆ.

ಫ್ಲೆಕ್ಸಿನ ಅಂಗಡಿಗೆ ತಮ್ಮನೇ ಕರೆದುಕೊಂಡು ಹೋದ. ಅಂಗಡಿಯವರು ನಮ್ಮ ಹಳೇ ಕ್ವಾರ್ಟರ್ಸಿನವರೇ, ಮನೆಮಾತು ತಮಿಳು, ನಾನು ಅಕ್ಕ ಎಂದರೆ ಅವರಿಗೆ ನಿಜವಾಗಿಯೂ ಅಕ್ಕನೇ. ಕಂಪ್ಯೂಟರಿನ ಪರದೆ ನನ್ನ ಕಡೆ ತಿರುಗಿಸಿದರು. ಹಿಂದೆ ರಾಷ್ಟ್ರಪತಿ ಭವನ, ಎರಡು ಕಡೆ ತ್ರಿವರ್ಣ, ಮೇಲೆ ನಮ್ಮ ಸೋಗಾನೆ ಏರ್‌ಪೋರ್ಟಿನಲ್ಲಿ ಇಳಿಯುತ್ತಿರುವ ಹಾಗೆ ಒಂದು ವಿಮಾನ. ನಡುವೆ ನಮ್ಮವರು. ಮಗಳ ಮದುವೆಗೆ ಹೊಲಿಸಿದ ಬಂದ್‌ಗಲಾ ಕೋಟು ಹಾಕಿಕೊಂಡು, ಊಟಕ್ಕೆ ಪಂಕ್ತಿ ಬಿಡುವುದನ್ನು ಕಾಯುತ್ತಿದ್ದಾಗ ತೆಗೆದ ಫೋಟೋ. ಕೆಳಗೆ ದೊಡ್ಡ ಅಕ್ಷರದಲ್ಲಿ, 'ಬಾವಿ ರಾಷ್ಟ್ರಪತಿಗಳಿಗೆ ಹುಟ್ಟುಹಬ್ಬದ ಶುಭಾಶಯಗಳು'.

ಭಾವಿ ಎಂದು ಬರೆಯಬೇಕಿತ್ತು. ಮುಂದೆ ಆಗಲಿರುವವರು ಎಂದು ಅರ್ಥ. ಊರ ತುಂಬ ಭಾವಿ ಶಾಸಕರು, ಭಾವಿ ಮಂತ್ರಿಗಳು ಕಂಬಕಂಬದಲ್ಲಿ ನೇತಾಡುತ್ತಾರಲ್ಲ, ಅದೇ ಭಾವಿ. ಮಂಡಿಯವರು ಫೋನಿನಲ್ಲಿ ಅಂದದ್ದು ಬಾವಿ, ಇವರು ಕೇಳಿದ್ದು ಬಾವಿ, ಬರೆದದ್ದೂ ಬಾವಿ. ನೀರಿನ ಬಾವಿ.

"ಅಕ್ಕಾ, ಕರೆಕ್ಟಾ? ನೀವು ಕನ್ನಡ ಟೀಚರು, ಒಂದ್ಸಲ ಸರಿಯಾಗಿ ನೋಡ್ಬಿಡಿ," ಎಂದರು ಅಂಗಡಿಯವರು.

ಕೈ ಅಭ್ಯಾಸಬಲದಿಂದ ಆ ಬ ಅಕ್ಷರದ ಕಡೆ ಹೋಯಿತು. ಬೆರಳು ಪರದೆಯ ಹತ್ತಿರವೇ ಇತ್ತು. ಆಗ ನನಗೆ ಕಿಟಕಿಯ ಆಚೆ ನೋಡುತ್ತಾ 'ಸಹಿ ಹಾಕೋನು, ಅಷ್ಟೇ' ಎಂದ ಮುಖ ನೆನಪಾಯಿತು. ಯೋಜನೆ ಗೀಜನೆ ಏನೂ ಇರಲಿಲ್ಲ. ಸಿಟ್ಟಿತ್ತು, ಅಷ್ಟೇ.

"ಕರೆಕ್ಟಾಗಿದೆ," ಎಂದೆ. "ಒಂದಕ್ಷರ ಬದಲಾಯಿಸ್ಬೇಡಿ."

ಸುರುಳಿ ಸುತ್ತಿದ ರಾಷ್ಟ್ರಪತಿಗಳನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಬಂದೆ. ದಾರಿಯುದ್ದಕ್ಕೂ ನಗು ಬರುತ್ತಿತ್ತು. ಪಕ್ಕದಲ್ಲಿ ಕೂತ ಹೆಂಗಸು ಒಂದೆರಡು ಸಲ ನನ್ನ ಮುಖ ನೋಡಿ, ಆಮೇಲೆ ಸೀಟು ಬದಲಾಯಿಸಿದಳು.

ಹುಟ್ಟುಹಬ್ಬದ ಬೆಳಿಗ್ಗೆ ಬೆಳಕು ಹರಿಯುವಾಗಲೇ ಮಂಡಿಯವರು ಆಳು ಕರೆಸಿ ಬಾವಿಯ ರಾಟೆ ಕಂಬಗಳ ನಡುವೆ ಫ್ಲೆಕ್ಸ್ ಕಟ್ಟಿಸಿದರು. ಅವರು ಓದಿದ್ದಾರೆ, ಅವರಿಗೆ ಸರಿಯಾಗಿಯೇ ಕಂಡಿದೆ. ನೀರಿಗೆ ಬಂದ ಹೆಂಗಸರು ಮೊದಲು ಓದಿದರು. ಹಿಟ್ಟಿನಕ್ಕ ಬೆರಳಿಟ್ಟು ಅಕ್ಷರ ಅಕ್ಷರ ಓದಿ, ಕೊಡಪಾನ ಕೆಳಗಿಟ್ಟು, ಸೆರಗು ಬಾಯಿಗೆ ಒತ್ತಿಕೊಂಡು ಕುಸಿದು ಕೂತಳು. ಅಷ್ಟು ನಗುವುದನ್ನು ನಾನು ಅವಳಲ್ಲಿ ನೋಡಿರಲಿಲ್ಲ. ಮೂಲೆಮನೆಯ ಸೊಸೆ ಅಲ್ಲಿಂದಲೇ ಕೂಗಿದಳು, "ಬಾವಿ ರಾಷ್ಟ್ರಪತಿಗಳೇ, ನಮ್ಮ ಬಿಂದಿಗೆ ಒಳಗೆ ಬಿದ್ದು ವಾರ ಆಯ್ತು, ಪಾತಾಳಗರಡಿ ಹಾಕಿ ತೆಗೆಸ್ಕೊಡಿ!"

ನಮ್ಮವರು ಬಂದ್‌ಗಲಾ ಹಾಕಿಕೊಂಡು, ಆ ಬೇಸಿಗೆಯಲ್ಲಿ ಕತ್ತಿನವರೆಗೆ ಗುಂಡಿ ಬಿಗಿದುಕೊಂಡು, ಗಂಭೀರವಾಗಿ ಗೇಟು ತೆರೆದು ಹೊರಬಂದರು. ಫ್ಲೆಕ್ಸ್ ನೋಡಿದರು. ಮುಖ ಅರಳಿತು. ಇನ್ನೊಂದು ಸಲ ನೋಡಿದರು. ಅರಳಿದ್ದು ಹಾಗೇ ಮುದುಡಿತು. ನೇರ ನನ್ನ ಹತ್ತಿರ ಬಂದರು.

"ನೀನೇ ತಾನೆ ತಂದಿದ್ದು? ನೋಡಿರ್ಲಿಲ್ವಾ? ಮಹಾಪ್ರಾಣ ಎಲ್ಲೇ?"

"ಬಾವಿಗೆ ಬಿದ್ದಿದೆ," ಎಂದೆ. "ಮುಚ್ಚಿಸೋದರೊಳಗೆ ತೆಕ್ಕೊಳಿ."

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಓದುತ್ತಿದ್ದರು. "ಅರಿಸಮಾಸ ಆಯ್ತಲ್ಲಮ್ಮ ಇದು. ಬಾವಿ ಕನ್ನಡ, ರಾಷ್ಟ್ರಪತಿ ಸಂಸ್ಕೃತ. ಎರಡನ್ನೂ ಕೂಡಿಸಬಾರದು."

"ಅರಿ ಅಂದ್ರೆ ಶತ್ರು ಅಲ್ವಾ ಮೇಷ್ಟ್ರೇ? ಹಾಗಾದ್ರೆ ಸರಿಯಾಗೇ ಇದೆ."

ಮೇಷ್ಟ್ರು ನನ್ನ ಮುಖ ನೋಡಿ, ಏನೋ ಅರ್ಥವಾದವರಂತೆ ಕನ್ನಡಕ ತೆಗೆದು ಒರೆಸತೊಡಗಿದರು. ಅಷ್ಟರಲ್ಲಿ ಬೈಕು ಬಂತು. ಇಂಜಿನಿಯರ್ ಅಳತೆ ಟೇಪು ಹಿಡಿದು ಇಳಿದ. ವಯಸ್ಸು ಚಿಕ್ಕದು, ಮಾತು ಮರ್ಯಾದೆಯದು. ಕೈಯಲ್ಲಿ ಆ ಅರ್ಜಿ. ಒಮ್ಮೆ ಅರ್ಜಿ ನೋಡಿದ, ಒಮ್ಮೆ ಫ್ಲೆಕ್ಸ್ ನೋಡಿದ, ಆಮೇಲೆ ಕೋಟಿನಲ್ಲಿ ಬೆವರುತ್ತಿದ್ದ ನಮ್ಮವರನ್ನು ನೋಡಿದ.

"ಸಾರ್, ಬಾವಿ ಮುಚ್ಬೇಕು ಅಂತ ಅರ್ಜಿ ಇದೆ. ಇಲ್ಲಿ ನೋಡಿದ್ರೆ ಬಾವಿಗೆ ಒಬ್ರು ರಾಷ್ಟ್ರಪತಿನೇ ಇದೀರಿ. ಬಾವಿ ಉಳಿಸೋ ಸಮಿತಿನಾ ಸಾರ್ ಇದು? ನಂಗೆ ಕನ್‌ಫ್ಯೂಸ್ ಆಗ್ತಿದೆ."

"ಅಯ್ಯೋ ಅದು ಬಾವಿ ಅಲ್ಲ ಮಾರಾಯ," ಎಂದು ಮಂಡಿಯವರು ಮುಂದೆ ನುಗ್ಗಿದರು. "ಬಾವಿ! ಬಾವಿ ರಾಷ್ಟ್ರಪತಿ!"

"ಅದೇ ಸಾರ್. ಬಾವಿ."

"ಬಾವಿ ಅಲ್ಲಪ್ಪ! ಬಾ...ವಿ!" ಮಂಡಿಯವರು ಎದೆಯಿಂದ ಉಸಿರೆಳೆದು ಬಿಟ್ಟರು. ಹೊರಗೆ ಬಂದದ್ದು ಮತ್ತೆ ಬಾವಿಯೇ. ಅವರ ಏಳು ತಲೆಮಾರಿನಲ್ಲಿ ಯಾರ ಬಾಯಿಂದಲೂ ಮಹಾಪ್ರಾಣ ಹೊರಟಿರಲಿಕ್ಕಿಲ್ಲ. "ಮುಂದೆ ಆಗೋರು ಅಂತ!"

"ಮುಂದೆ ಏನಾಗೋರು ಸಾರ್?"

ಪ್ರತಿದಿನ ಕಟ್ಟೆಯಲ್ಲಿ ಕೂತು ಇವರು ಆಡಿದ ಮಾತನ್ನು ಈಗ ಒಬ್ಬ ಹೊರಗಿನ ಹುಡುಗನ ಮುಂದೆ, ಕೊಡಪಾನ ಹಿಡಿದು ನಿಂತ ಹೆಂಗಸರ ಮುಂದೆ, ಬಾಯಿಬಿಟ್ಟು ಹೇಳಬೇಕಿತ್ತು. ಈ ವಿಮಾ ಕಚೇರಿಯ ನಿವೃತ್ತ ನೌಕರರು ಭಾರತದ ಮುಂದಿನ ರಾಷ್ಟ್ರಪತಿ ಎಂದು. ಮಂಡಿಯವರು ಮೇಷ್ಟ್ರ ಮುಖ ನೋಡಿದರು. ಮೇಷ್ಟ್ರು ಆಕಾಶ ನೋಡಿದರು. ನಮ್ಮವರ ಕಿವಿ ಕೆಂಪಾಗಿತ್ತು. ಪಾಪ ಅನ್ನಿಸಿತು ನನಗೆ, ಅದು ಸುಳ್ಳಲ್ಲ.

ಹಿಟ್ಟಿನಕ್ಕ ಮುಂದೆ ಬಂದಳು. ಅವಳ ಮುಖದಲ್ಲಿ ಆಗ ನಗು ಇರಲಿಲ್ಲ.

"ಸಾಹೇಬ್ರೇ, ಎಲ್ರೂ ಒಪ್ಪಿದಾರೆ ಅಂತ ಅದ್ರಲ್ಲಿ ಬರ್ದಿದೆಯಂತೆ. ನನ್ನ ಯಾರೂ ಕೇಳಿಲ್ಲ. ನಾನೂ ಇದೇ ಕ್ರಾಸಲ್ಲಿ ಇರೋದು. ಕೂರೋಕೆ ಕಟ್ಟೆ ಬೇಕಂದ್ರೆ ದಿನಾ ನಾನೇ ತೊಳೆದು ಕೊಡ್ತೀನಿ. ಬಾವಿ ಒಂದು ಬಿಟ್ಬಿಡಿ."

ಪ್ರತಿ ಭಾನುವಾರ ಅವಳ ಹಿಟ್ಟಿನ ದೋಸೆ ತಿಂದು ಇನ್ನೊಂದು ಎನ್ನುವ ಮನುಷ್ಯ ನಮ್ಮವರು. ಅವರು ಅವಳನ್ನು ನೋಡಿದರು, ಫ್ಲೆಕ್ಸಿನಲ್ಲಿದ್ದ ತಮ್ಮನ್ನು ನೋಡಿಕೊಂಡರು. ಆಮೇಲೆ ಗಂಟಲು ಸರಿಮಾಡಿಕೊಂಡು, ಟೀವಿಯಲ್ಲಿ ನೋಡಿ ಕಲಿತ ಆ ನಿಧಾನದ ದನಿಯಲ್ಲಿ, "ಅರ್ಜಿ ಕೊಡಿ ಇಲ್ಲಿ," ಎಂದರು.

ಇಂಜಿನಿಯರ್ ಕೊಟ್ಟ. ನಮ್ಮವರು ಓದಲಿಲ್ಲ. ನಾಲ್ಕು ಮಡಿಕೆ ಮಾಡಿ, ಕೋಟಿನ ಒಳಜೇಬಿಗೆ ಇಳಿಸಿ, ಮೇಲೆ ಒಮ್ಮೆ ತಟ್ಟಿದರು.

"ಇದು ಮರುಪರಿಶೀಲನೆ ಆಗ್ಬೇಕು."

"ಅಂದ್ರೆ ವಾಪಸ್ ತಗೊಂಡ ಹಾಗಾ ಸಾರ್? ನೀವೇ ವಾಪಸ್ ತಗೊಂಡ್ರೆ ನಮ್ಮ ಕಡೆಯಿಂದ ಕೆಲಸ ಇಲ್ಲ. ನಾನಿನ್ನು ಹೊರಡ್ಲಾ?"

"ಹೊರಡಿ."

ಬೈಕು ಹೋಯಿತು. ಮಂಡಿಯವರು ತಲೆಯ ಮೇಲೆ ಕೈಹೊತ್ತು ಕೂತರು. "ಇದೇನ್ ಮಾಡಿದ್ರಿ ಮಾರಾಯ್ರೆ! ಟೈಲ್ಸು, ಶೀಟು, ಎಲ್ಲಾ ಹೋಯ್ತಲ್ಲ!" ಎಂದರು. ಎರಡನೇ ಸಲ ಬಂದರೆ ಸಹಿ ಹಾಕಲೇಬೇಕಾಗುತ್ತದೆ ಎಂದು ಮೇಷ್ಟ್ರು ಸಮಾಧಾನ ಮಾಡಿದರು. ನನ್ನ ಎದೆಯಲ್ಲಿ ಆ ಮಾತು ಮುಳ್ಳಿನಂತೆ ಕೂತಿತು. ಅವರು ಹೇಳಿದ್ದು ನಿಜ. ಜೇಬಿಗೆ ಹೋದ ಕಾಗದ ಜೇಬಿನಿಂದ ಹೊರಗೂ ಬರುತ್ತದೆ.

ಮನೆಗೆ ಬಂದ ಮೇಲೆ ನಮ್ಮವರು ಕೋಟು ಬಿಚ್ಚಿ ಕುರ್ಚಿಗೆ ಹಾಕಿ ಫ್ಯಾನಿನ ಕೆಳಗೆ ಕೂತರು. ನನ್ನ ಮೇಲೆ ಕೂಗಾಡುತ್ತಾರೆ ಎಂದುಕೊಂಡಿದ್ದೆ. "ಎಷ್ಟು ಗಾಂಭೀರ್ಯದಿಂದ ಹೇಳ್ದೆ, ನೋಡಿದ್ಯಾ?" ಎಂದರು. ನೋಡಿದೆ ಎಂದೆ. ಬಾವಿ ಉಳಿಸಿದವರು ತಾವೇ ಎಂದು ಆಗಲೇ ಅವರಿಗೆ ನಂಬಿಕೆ ಬಂದಾಗಿತ್ತು. ನಂಬಿಕೊಳ್ಳಲಿ, ಬಾವಿಗೇನು ನಷ್ಟ? ಅವರು ಸ್ನಾನಕ್ಕೆ ಹೋದಾಗ ಸೂಜಿ ದಾರ ತೆಗೆದುಕೊಂಡು ಕೂತು, ಆ ಒಳಜೇಬಿನ ಬಾಯನ್ನು ಎರಡೆಳೆ ದಾರದಲ್ಲಿ ಒತ್ತೊತ್ತಾಗಿ ಹೊಲಿದೆ. ಕೋಟನ್ನು ಬೀರುವಿನಲ್ಲಿ ನೇತುಹಾಕಿದೆ.

ಫ್ಲೆಕ್ಸು ಮಳೆಗೆ ಹರಿಯುವವರೆಗೂ ಅಲ್ಲೇ ಇತ್ತು. ಮೂಲೆಮನೆಯ ಬಿಂದಿಗೆ ಮೇಲೆ ಬಂತು, ಬಾವಿಗೆ ಬಲೆಯೂ ಬಂತು. ಹಾಕಿಸಿದವರು ನಮ್ಮವರೇ. ರಾಟೆ ಕಿರುಗುಟ್ಟಿದರೆ ಹೆಂಗಸರು ನೇರ ನಮ್ಮ ಗೇಟಿಗೆ ಬಂದು ರಾಷ್ಟ್ರಪತಿಗಳನ್ನು ಕರೆಯುತ್ತಾರೆ. ಅವರು ಎಣ್ಣೆ ಬಟ್ಟಲು ಹಿಡಿದು, ಗೊಣಗುತ್ತಾ ಹೋಗುತ್ತಾರೆ. ಕಟ್ಟೆಯಲ್ಲಿ ಮಾತು ಮತ್ತೆ ಶುರುವಾಗಿದೆ. ದಕ್ಷಿಣದವರಾ, ಉತ್ತರದವರಾ, ಸರಕಾ, ಬೆಟ್ಟೆಯಾ. ಆ ಹೆಸರು ಈ ಹೆಸರು ಎಲ್ಲ ಸುತ್ತಿ ಬಂದು, ನಮ್ಮವರ ಕಡೆ ಮಾತ್ರ ಯಾರೂ ಕೈ ತೋರಿಸುವುದಿಲ್ಲ. ಅವರಿಗೀಗ ಸ್ವಂತದ್ದೊಂದು ಅಭಿಪ್ರಾಯ ಇರುವುದು ಎಲ್ಲರಿಗೂ ಗೊತ್ತಾಗಿಬಿಟ್ಟಿದೆಯಲ್ಲ, ಆ ಲಕ್ಷಣ ತಪ್ಪಿಹೋಯಿತು.

ಮಳೆಗಾಲ ಮುಗಿದ ಮೇಲೆ ಒಂದು ಬೆಳಿಗ್ಗೆ ಮಂಡಿಯವರು ಗೇಟಿನ ಹತ್ತಿರ ನಿಂತು ಕೂಗಿದರು. "ಸಾಹೇಬ್ರೇ, ಆ ಅರ್ಜಿ ಕೊಡಿ ಮಾರಾಯ್ರೆ. ಹೊಸದಾಗಿ ಸಹಿ ಮಾಡಿಸೋದು ತಾಪತ್ರಯ, ಅದನ್ನೇ ಇನ್ನೊಂದ್ಸಲ ಕಳಿಸಾಣ. ಈ ಸಲ ಒಪ್ಲೇಬೇಕು!"

ನಾನು ಅಡುಗೆಮನೆಯಲ್ಲಿ ಹಿಟ್ಟಿನಕ್ಕ ಕೊಟ್ಟು ಹೋದ ಹಿಟ್ಟಿನಲ್ಲಿ ದೋಸೆ ಹೊಯ್ಯುತ್ತಿದ್ದೆ. ಸೌಟು ಕೈಯಲ್ಲೇ ನಿಂತಿತು. ಬೀರು ತೆರೆದ ಸದ್ದು ಕೇಳಿಸಿತು. ಇಣುಕಿದೆ. ನಮ್ಮವರು ಕೋಟಿನ ಒಳಗೆ ಕೈಹಾಕಿ ಜೇಬು ಹುಡುಕುತ್ತಿದ್ದರು. ಹೊಲಿಗೆ ಬೆರಳಿಗೆ ತಾಗಿತು. ಕೋಟನ್ನು ಬೆಳಕಿಗೆ ಹಿಡಿದು ನೋಡಿದರು. ತಿರುಗಿ ನನ್ನನ್ನು ನೋಡಿದರು. ಕತ್ತರಿ ಇರುವುದು ಅದೇ ಬೀರುವಿನ ಮೇಲಿನ ತಟ್ಟೆಯಲ್ಲಿ, ಅವರಿಗೆ ಗೊತ್ತು. ಅವರು ಕೋಟನ್ನು ಮೊದಲಿದ್ದ ಹಾಗೆಯೇ ನೇತುಹಾಕಿ ಬಾಗಿಲು ಮುಚ್ಚಿದರು.

"ಇನ್ನೂ ಪರಿಶೀಲನೆಲಿದೆ ಮಾರಾಯ್ರೆ!" ಎಂದು ಅಲ್ಲಿಂದಲೇ ಕೂಗಿ ಹೇಳಿ, ಬಂದು ದೋಸೆಗೆ ಕೂತರು.

ನನ್ನ ಗಂಡ ಜನ್ಮದಲ್ಲಿ ಮಾಡಿದ ಒಂದೇ ಒಂದು ರಾಜಕೀಯ ಕೆಲಸ ಅದು. ಅದಕ್ಕೂ ಹೊಲಿಗೆ ಹಾಕಿದವಳು ನಾನು.